ಮಂಡಿಯ ಹಳೇ ಕಂಪ್ಯೂಟರ್ ಮಾರುವ ಮುಂಚೆ: ಶ್ರೆಡ್‌ಓಎಸ್ ಹೇಗಿದೆ?

ರಾಯಚೂರಿನ ಹತ್ತಿ, ಭತ್ತದ ದಲಾಲಿ ಮಂಡಿಗಳಿಂದ ಹಳೇ ಕಂಪ್ಯೂಟರು ಗುಜರಿಗೆ ಹೋದರೆ ರೈತರ ಆಧಾರ್ ಪ್ರತಿ, ಪಾಸ್‌ಬುಕ್ ಸ್ಕ್ಯಾನು, ವರ್ಷಗಟ್ಟಲೆ ಟ್ಯಾಲಿ ಲೆಕ್ಕವೂ ಜೊತೆಗೇ ಹೋಗುತ್ತವೆ. ಹಾರ್ಡ್ ಡಿಸ್ಕಿಗೆ ಕ್ವಿಕ್ ಫಾರ್ಮ್ಯಾಟ್ ಹೊಡೆದರೆ ಅಳಿಯುವುದು ಫೈಲ್ ಎಲ್ಲಿದೆ ಎಂಬ ಪಟ್ಟಿ ಮಾತ್ರ. ರೆಕುವಾದಂಥ ಉಚಿತ ಸಾಫ್ಟ್‌ವೇರೇ ಒಳಗಿನದ್ದನ್ನು ಎತ್ತಿ ಕೊಡುತ್ತದೆ. ತಿರುಗುವ ಡಿಸ್ಕಿಗೆ ನಾವು ಧೈರ್ಯವಾಗಿ ಹೇಳುವುದು ಶ್ರೆಡ್‌ಓಎಸ್, ಅಂದರೆ ಪೆನ್‌ಡ್ರೈವಿನಿಂದಲೇ ಬೂಟ್ ಆಗಿ ಇಡೀ ಡಿಸ್ಕಿನ ಮೇಲೆ ಬರೆದು ಅಳಿಸುವ ಸಾಫ್ಟ್‌ವೇರ್. ಇದೂ ಉಚಿತ. ಇದೇ ಕೆಲಸದ ಹೆಸರುವಾಸಿ ಸಾಫ್ಟ್‌ವೇರ್ ಡಿಬ್ಯಾನ್ 2015ಕ್ಕೇ ನಿಂತಿದೆ, ಯುಇಎಫ್‌ಐ (ಹಳೇ ಬಯೋಸ್ ಬದಲು ಬಂದ ಬೂಟ್ ವ್ಯವಸ್ಥೆ) ಮಾತ್ರ ಇರುವ ಯಂತ್ರದಲ್ಲಿ ಏಳುವುದೇ ಇಲ್ಲ.

ಶ್ರೆಡ್‌ಓಎಸ್ ಅನ್ನು ರೂಫಸ್ ಎಂಬ ಸಾಫ್ಟ್‌ವೇರಿನಿಂದ ಪೆನ್‌ಡ್ರೈವಿಗೆ ಬರೆದು, ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್) ಸೆಕ್ಯೂರ್ ಬೂಟ್ ಆಫ್ ಮಾಡಿ ಬೂಟ್ ಮಾಡಿ. ಡಿಸ್ಕ್ ಕಾಣದಿದ್ದರೆ ಬಯೋಸ್‌ನ ಡಿಸ್ಕ್ ಸೆಟ್ಟಿಂಗಿನಲ್ಲಿ ‘ರೇಡ್’ ತೆಗೆದು ‘ಎಎಚ್‌ಸಿಐ’ ಇಡಿ. ನೀಲಿ ಪರದೆಯ ಪಟ್ಟಿಯಲ್ಲಿ ನಿಮ್ಮ ಪೆನ್‌ಡ್ರೈವೂ ಬರಬಹುದು, ಬ್ಯಾಕಪ್ ಡಿಸ್ಕ್ ಸಿಕ್ಕಿಸಿದ್ದರೆ ಅದೂ ಬರುತ್ತದೆ. ಹಾಗಾಗಿ ಅಳಿಸಬಾರದ ಬೇರೆ ಡಿಸ್ಕುಗಳನ್ನೆಲ್ಲ ಮೊದಲೇ ಕಿತ್ತಿಡಿ. ಮಾಡೆಲ್ ಮತ್ತು ಸೀರಿಯಲ್ ನಂಬರನ್ನು ಡಿಸ್ಕಿನ ಲೇಬಲ್ಲಿಗೆ ತಾಳೆ ನೋಡಿ. ಸ್ಪೇಸ್ ಒತ್ತಿದರೆ ‘ವೈಪ್’ ಗುರುತು ಬೀಳುತ್ತದೆ. ಎಮ್ ಒತ್ತಿ ಸೊನ್ನೆ ತುಂಬುವ ವಿಧಾನ, ವಿ ಒತ್ತಿ ಕೊನೆಯ ಪಾಸಿನ (ಇಡೀ ಡಿಸ್ಕಿನ ಮೇಲೆ ಒಂದು ಸುತ್ತಿನ ಬರಹ) ವೆರಿಫೈ, ಅಂದರೆ ಸರಿಯಾಗಿ ಬರೆದಿದೆಯೇ ಎಂಬ ತಪಾಸಣೆ ಆರಿಸಿ, ಶಿಫ್ಟ್ ಹಿಡಿದು ಎಸ್ ಒತ್ತಿ.

ಒಂದೇ ಪಾಸ್ ಸಾಕು. 1996ರ ಗುಟ್‌ಮನ್ ವಿಧಾನದ 35 ಪಾಸ್ ಇಂದಿನ ಡಿಸ್ಕಿಗೆ ಸುಮ್ಮನೆ ವ್ಯರ್ಥ. ಸೆಕೆಂಡಿಗೆ 100 ಎಂಬಿ ವೇಗದಲ್ಲಿ 500 ಜಿಬಿಗೆ ಸುಮಾರು ಒಂದೂವರೆ ತಾಸು, ವೆರಿಫೈಗೆ ಅಷ್ಟೇ ಮತ್ತೆ. ನಡುವೆ ಕರೆಂಟ್ ಹೋದರೆ ಮೊದಲಿನಿಂದ ಶುರು, ಬಿಟ್ಟಲ್ಲಿಂದ ಮುಂದುವರಿಯುವುದಿಲ್ಲ. ನಮ್ಮ ಕಡೆಯ ಲೋಡ್ ಶೆಡ್ಡಿಂಗಿಗೆ ಇದೇ ಇದರ ದೊಡ್ಡ ಕೊರತೆ. ಸಾದಾ ಯುಪಿಎಸ್ ಮೂರು ತಾಸು ಎಳೆಯದು, ಇನ್ವರ್ಟರ್ ಲೈನಿಗೆ ಹಾಕಿ. ಬೇಸಿಗೆಯಲ್ಲಿ ಪರದೆಯ ತಾಪಮಾನದ ಮೇಲೂ ಕಣ್ಣಿರಲಿ. 55 ಡಿಗ್ರಿ ದಾಟಿದರೆ ಕ್ಯಾಬಿನೆಟ್ ತೆಗೆದು ಫ್ಯಾನ್ ಬಿಡಿ.

ಎಸ್‌ಎಸ್‌ಡಿಗೆ (ತಿರುಗುವ ತಟ್ಟೆಯಿಲ್ಲದ ಚಿಪ್ ಡಿಸ್ಕ್) ಮಾತ್ರ ಈ ಸೊನ್ನೆ ತುಂಬುವುದನ್ನು ನಂಬಬೇಡಿ. ಅದರ ಕಂಟ್ರೋಲರ್ ಬರಹವನ್ನು ಬೇರೆ ಕೋಶಗಳಿಗೆ ಹಂಚುತ್ತದೆ, ಹಳೆಯದು ಮೀಸಲು ಜಾಗದಲ್ಲಿ ಉಳಿದುಬಿಡಬಹುದು. ಅದಕ್ಕೆ ಬಯೋಸ್‌ನಲ್ಲಿ ಅಥವಾ ತಯಾರಕರ ಸಾಫ್ಟ್‌ವೇರಿನಲ್ಲಿ ಇರುವ ‘ಸೆಕ್ಯೂರ್ ಇರೇಸ್’ (ಡಿಸ್ಕೇ ತನ್ನನ್ನು ಅಳಿಸಿಕೊಳ್ಳುವ ಆಜ್ಞೆ) ಬಳಸಿ. ಇನ್ನು ಹಾರ್ಡ್ ಡಿಸ್ಕ್ ಅಳಿಸುವಾಗ ಎರರ್ ತೋರಿಸಿದರೆ ಅದರ ಕೆಟ್ಟ ಸೆಕ್ಟರ್‌ಗಳಲ್ಲಿ ಹಳೇ ಬರಹ ಹಾಗೇ ಉಳಿದಿರಬಹುದು. ಅಂಥದ್ದನ್ನು ಮಾರದೆ ಒಳಗಿನ ತಟ್ಟೆಗಳಿಗೆ ಡ್ರಿಲ್ ಹೊಡೆಸಿಯೇ ಗುಜರಿಗೆ ಹಾಕಿ.