ಮಕ್ಕಳ ಹೆಸರು ಕೇಸಿನಿಂದ ತೆಗೆಸಿಕೊಡ್ತೀನಿ ಅಂತ ಬರುವವನಿಗೆ ಒಂದು ರೂಪಾಯಿ ಕೊಡಬೇಡಿ

ಶಿವಮೊಗ್ಗದಲ್ಲಿ ರೂಮು ಮಾಡಿ ಮಕ್ಕಳನ್ನು ಓದಿಸುತ್ತಿರುವ ನಮ್ಮ ಕಡೆಯ ಅಪ್ಪ ಅಮ್ಮಂದಿರು ದಯವಿಟ್ಟು ಪೂರ್ತಿ ಓದಿ. ಸಿಟ್ಟಲ್ಲಿ ಬರೆಯುತ್ತಿದ್ದೇನೆ, ಹಿಂದೆ ಮುಂದೆ ಆಗಿದ್ದರೆ ಸರಿ ಮಾಡಿಕೊಂಡು ಓದಿ. 18 ತುಂಬದ ಹುಡುಗನ ಮೇಲೆ ಕೇಸ್ ಆದರೆ ನಿಮ್ಮ ಫೋನಿಗೆ ಒಂದು ಕರೆ ಬರುತ್ತದೆ. ತುಂಬಾ ಮರ್ಯಾದೆಯಿಂದ ಮಾತಾಡುತ್ತಾನೆ. ಅವನನ್ನು ಹತ್ತಿರ ಸೇರಿಸಬೇಡಿ.

ನಮ್ಮದು ಹೊಸನಗರ ಕಡೆ, ಅಡಿಕೆ ತೋಟ. ಮಗನಿಗೆ 17. ಸಂಜೆ ಕ್ರಿಕೆಟ್ ಆಡುವ ಮೈದಾನದಲ್ಲಿ ಅವನಿಗೊಬ್ಬ 'ಅಣ್ಣ' ಗಂಟು ಬಿದ್ದಿದ್ದಾನೆ. ಹುಡುಗರಿಗೆಲ್ಲ ಗೋಬಿ ಕೊಡಿಸುವುದು, ಬೈಕ್ ಓಡಿಸಲು ಕೊಡುವುದು. ಆಮೇಲೆ ನಿಧಾನಕ್ಕೆ, 'ನಿನ್ನ ಬ್ಯಾಂಕ್ ಖಾತೆ ಸುಮ್ನೆ ಬಿದ್ದಿದೆಯಲ್ಲ, ಎಟಿಎಂ ಕಾರ್ಡು, ಸಿಮ್ಮು, ಪಾಸ್‌ಬುಕ್ಕು ಕೊಡು, 5 ಸಾವಿರ ಕೊಡ್ತೀನಿ. ಗೇಮಿಂಗ್ ಕಂಪನಿ ದುಡ್ಡು, ಬರುತ್ತೆ ಹೋಗುತ್ತೆ' ಅಂದಿದ್ದಾನೆ. ಸ್ಕಾಲರ್‌ಶಿಪ್ ಬರಲಿ ಅಂತ ನಾನೇ ಕರೆದುಕೊಂಡು ಹೋಗಿ ಮಾಡಿಸಿದ್ದ ಖಾತೆ ಅದು. ಅದರೊಳಗೆ ಬಂದು ಹೋಗಿದ್ದು ಯಾರೋ ವಯಸ್ಸಾದವರನ್ನು ಪೊಲೀಸರು ಅಂತ ಸುಳ್ಳು ಹೇಳಿ ವಿಡಿಯೋ ಕಾಲ್‌ನಲ್ಲಿ 'ಡಿಜಿಟಲ್ ಅರೆಸ್ಟ್' ಅಂತ ಹೆದರಿಸಿ ಕಿತ್ತ ದುಡ್ಡು. ಖಾತೆ ಫ್ರೀಜ್ ಆಯಿತು, ಬೇರೆ ಜಿಲ್ಲೆಯ ಪೊಲೀಸರು ಹುಡುಕಿಕೊಂಡು ಬಂದರು. ಅಣ್ಣನ ಫೋನ್ ಸ್ವಿಚ್ ಆಫ್. ಅವನ ಹೆಸರಲ್ಲಿ ಒಂದು ಚೀಟಿಯೂ ಇಲ್ಲ. ಖಾತೆ ಹುಡುಗರದು, ಸಿಮ್ಮು ಹುಡುಗರದು, ಸಿಕ್ಕಿಬೀಳುವವರೂ ಹುಡುಗರೇ. ಗ್ಯಾಂಗು ನಡೆಯುವುದೇ ಹೀಗಂತೆ.

ಪೊಲೀಸರ ಬಗ್ಗೆ ನನ್ನ ದೂರಿಲ್ಲ. ಮಫ್ತಿಯಲ್ಲಿ ಬಂದರು, ಲಾಕಪ್ಪಿಗೆ ಹಾಕಲಿಲ್ಲ, ಬಾಲ ನ್ಯಾಯ ಮಂಡಳಿ ಮುಂದೆ ಹಾಜರು ಮಾಡಿದರು, ಅವತ್ತೇ ಜಾಮೀನು ಸಿಕ್ಕಿತು. ನನ್ನ ಸಿಟ್ಟು ಆಮೇಲೆ ಬಂದವನ ಮೇಲೆ.

ಊರಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ನನ್ನ ಭಾವನಿಗೂ ಹೇಳಿರಲಿಲ್ಲ. ಇವನಿಗೆ ಗೊತ್ತಿತ್ತು! 'ಗೌಡ್ರೇ, ಮಗನ ವಿಷಯ ಕೇಳಿ ಬೇಜಾರಾಯ್ತು. ಹೆದರಬೇಡಿ, ಇಂಥವು ನಾವು ತುಂಬಾ ಮುಗಿಸಿದ್ದೇವೆ' ಅಂದ. ಖಾತೆಗೆ ಎಷ್ಟು ದುಡ್ಡು ಬಂದಿತ್ತು ಅನ್ನುವುದನ್ನೂ ಅವನೇ ಹೇಳಿದ. ನನ್ನ ನಂಬರ್ ಅವನಿಗೆ ಯಾರು ಕೊಟ್ಟರು? ಆ ಅಣ್ಣನೇ ಕೊಟ್ಟಿರಬೇಕು ಅಂತ ನನ್ನ ಗುಮಾನಿ. ರುಜುವಾತು ಇಲ್ಲ.

ವಕೀಲ ಅಂತ ಎಲ್ಲೂ ಹೇಳಲಿಲ್ಲ, ಅದನ್ನು ಗಮನಿಸಿ. 'ಆಫೀಸ್ ಕಡೆಯವರು' ಅಂದ. ಕೋರ್ಟ್ ಹತ್ತಿರದ ಟೀ ಅಂಗಡಿಯಲ್ಲಿ ಕೂರಿಸಿಕೊಂಡು ಒಂದೊಂದಾಗಿ ಹೆದರಿಸಿದ. ಪೇಪರ್‌ನಲ್ಲಿ ಹುಡುಗನ ಫೋಟೋ ಬರುತ್ತದಂತೆ. ಕಂಪ್ಯೂಟರ್‌ನಲ್ಲಿ ಹೆಸರು ಕೂತರೆ ಪಾಸ್‌ಪೋರ್ಟ್ ಇಲ್ಲ, ಸರ್ಕಾರಿ ಕೆಲಸ ಇಲ್ಲವಂತೆ. 2024ರ ಜುಲೈಯಿಂದ ಹೊಸ ಕಾನೂನು ಬಂದಿದೆ, ಸೈಬರ್ ಗ್ಯಾಂಗ್ ಅಂದರೆ ಸಂಘಟಿತ ಅಪರಾಧ, ಕಡಿಮೆ ಅಂದರೂ 5 ವರ್ಷ ಜೈಲು ಅಂದ. ಇದು ಮಾತ್ರ ಪೂರ್ತಿ ಸುಳ್ಳಲ್ಲ ನೋಡಿ, ಭಾರತೀಯ ನ್ಯಾಯ ಸಂಹಿತೆಯ 111ನೇ ಸೆಕ್ಷನ್ ಹಾಗೇ ಇದೆ. ಅದು ದೊಡ್ಡವರಿಗೆ, 17ರ ಹುಡುಗನನ್ನು ವಿಚಾರಣೆ ಮಾಡುವ ಕಾಯ್ದೆಯೇ ಬೇರೆ ಅನ್ನುವುದನ್ನು ನುಂಗಿಕೊಂಡ. ಅರ್ಧ ನಿಜ ಹೇಳುವವನ ಹತ್ತಿರ ಹುಷಾರಾಗಿರಬೇಕು.

ವಯಸ್ಸಿನ ಸರ್ಟಿಫಿಕೇಟಿಗೆ ಅಂತ 8 ಸಾವಿರ ತೆಗೆದುಕೊಂಡ. ಆಮೇಲೆ 'ಹೆಸರು ತೆಗೆಸುವುದಕ್ಕೆ' 40 ಸಾವಿರ. ಎಲೆಚುಕ್ಕೆ ರೋಗದಲ್ಲಿ ಫಸಲು ಅಷ್ಟಕ್ಕಷ್ಟೇ. ಮಂಡಿಯಲ್ಲಿ ಮುಂಗಡ ಎತ್ತಿ ಕೊಟ್ಟೆ. ಯಾತಕ್ಕೆ ಅಂತ ಮಂಡಿಯವರು ಕೇಳಿದಾಗ ಗೊಬ್ಬರಕ್ಕೆ ಅಂದೆ. ರಸೀದಿ ಕೇಳಿದರೆ ಇವನು ನಕ್ಕ. 'ಇದಕ್ಕೆಲ್ಲ ರಸೀದಿ ಕೊಡ್ತಾರಾ ಗೌಡ್ರೇ?'

ಸ್ವಲ್ಪ ದಿನಕ್ಕೆ ವಾಟ್ಸಾಪ್‌ನಲ್ಲಿ ಒಂದು ಪತ್ರ ಕಳಿಸಿದ. ಸೀಲು, ಸಹಿ, ಮೇಲೆ ಸಿಂಹದ ಲಾಂಛನ. 'ಸದರಿ ಬಾಲಕನ ಹೆಸರನ್ನು ಪ್ರಕರಣದಿಂದ ಕೈಬಿಡಲಾಗಿದೆ.' ನನ್ನ ಹೆಂಡತಿ ಅದನ್ನು ದೇವರ ಮುಂದಿಟ್ಟು ದೀಪ ಹಚ್ಚಿದಳು. ಅಷ್ಟರಲ್ಲೇ ಮಂಡಳಿಯಿಂದ ಮುಂದಿನ ತಾರೀಖು ಬಂತು. ಹೆಸರೇ ಇಲ್ಲದ ಮೇಲೆ ತಾರೀಖು ಯಾಕೆ? ಪತ್ರ ಹಿಡಿದುಕೊಂಡು ಹೋದೆ. ಅಲ್ಲಿ ಉಚಿತ ಕಾನೂನು ನೆರವಿನ ವಕೀಲೆ ಒಬ್ಬರು ಇದ್ದರು. ಅವರು ಪತ್ರವನ್ನು ಮೇಲಿಂದ ಕೆಳಗೆ ಓದಿ, 'ನೀವು ಭದ್ರಾವತಿಯವರಾ?' ಅಂದರು. ಅಲ್ಲ ಅಂದೆ. ಕೆಳಗಿನ ಸಾಲಿಗೆ ಬೆರಳಿಟ್ಟು ತೋರಿಸಿದರು. ಮೇಲೆ ನಮ್ಮ ಹುಡುಗನ ಹೆಸರು, ಕೆಳಗೆ ಭದ್ರಾವತಿ ತಾಲ್ಲೂಕು, ಇನ್ಯಾವುದೋ ಅಪ್ಪನ ಹೆಸರು! ನಮಗಿಂತ ಮೊದಲು ಯಾರಿಗೋ ಮಾರಿದ ಪತ್ರದಲ್ಲಿ ನಮ್ಮ ಹೆಸರು ತುರುಕಿದ್ದಾನೆ. ಕೆಳಗಿನ ಸಾಲು ಬದಲಾಯಿಸುವುದಕ್ಕೂ ಸೋಮಾರಿತನ. ಎಷ್ಟು ಸಲ ಬಿಚ್ಚಿ ನೋಡಿದ್ದೆ ಆ ಪತ್ರವನ್ನು, ಎಷ್ಟು ಸಲ! ನನ್ನ ಕಣ್ಣು ಮಗನ ಹೆಸರಿನ ಹತ್ತಿರವೇ ನಿಂತುಬಿಡುತ್ತಿತ್ತು. ಆ ಭದ್ರಾವತಿಯ ಅಪ್ಪನೂ ದೀಪ ಹಚ್ಚಿಸಿರಬೇಕು.

ಆ ವಕೀಲೆ ಹೇಳಿದ್ದು ಕೇಳಿ. ವಯಸ್ಸಿಗೆ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡು ಸಾಕು. ಶಾಲೆಯದೂ ಇಲ್ಲ, ಜನನ ಪತ್ರವೂ ಇಲ್ಲ ಅಂದಾಗ ಮಾತ್ರ ವೈದ್ಯಕೀಯ ಪರೀಕ್ಷೆ. ಹೋಯಿತು 8 ಸಾವಿರ. ಪೇಪರ್‌ನಲ್ಲಿ ಹುಡುಗನ ಫೋಟೋ, ಹೆಸರು, ಶಾಲೆ ಹಾಕುವಂತಿಲ್ಲ, ಹಾಕಿದವರಿಗೇ ಶಿಕ್ಷೆ. ತೀರಾ ಘೋರ ಅಪರಾಧ ಬಿಟ್ಟರೆ, ತಪ್ಪು ಸಾಬೀತಾದರೂ ಅದರಿಂದ ಮುಂದೆ ಅವನು ಅನರ್ಹ ಆಗುವುದಿಲ್ಲ, ದಾಖಲೆಯನ್ನೂ ನಾಶ ಮಾಡಬೇಕು. ಎಲ್ಲಾ 2015ರ ಬಾಲ ನ್ಯಾಯ ಕಾಯ್ದೆಯಲ್ಲೇ ಇದೆ. ಕಾನೂನು ಪುಕ್ಕಟೆ ಕೊಡುವುದನ್ನೇ ಇವನು ನನಗೆ 40 ಸಾವಿರಕ್ಕೆ ಮಾರಿದ. ಅದೂ ಕೊಡದೆ ಮಾರಿದ! ಇನ್ನೊಂದು ವಿಷಯ. ಮಕ್ಕಳನ್ನು ಅಪರಾಧಕ್ಕೆ ಬಳಸಿಕೊಂಡವನಿಗೆ ಹೊಸ ಸಂಹಿತೆಯ 95ನೇ ಸೆಕ್ಷನ್‌ನಲ್ಲಿ 3ರಿಂದ 10 ವರ್ಷ ಜೈಲಿದೆ. ಅಂದರೆ ನಿಜವಾಗಿ ಹೆದರಬೇಕಾದವನು ಆ ಅಣ್ಣ. ಈ ಪುಣ್ಯಾತ್ಮ ಅದರ ಬಗ್ಗೆ ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ.

ಇನ್ನು ಅವನ ಉತ್ತರಗಳು. ಮೊದಲು 'ಟೈಪಿಂಗ್ ಮಿಸ್ಟೇಕ್ ಗೌಡ್ರೇ, ಬೇರೆ ಕಳಿಸ್ತೀನಿ'. ದುಡ್ಡು ವಾಪಸ್ ಕೇಳಿದೆ. 'ಅದು ಮೇಲೆ ಹೋಗಿ ಆಯ್ತು. ಮೇಲೆ ಹೋಗಿದ್ದು ಕೆಳಗೆ ಬರಲ್ಲ.' ಮತ್ತೆ ಕೇಳಿದೆ. 'ಮಗ ಮುಖ್ಯನೋ ದುಡ್ಡು ಮುಖ್ಯನೋ?' ದೂರು ಕೊಡ್ತೀನಿ ಅಂದಾಗ ಒಂದು ಮಾತು ಕಳಿಸಿದ, ಅದು ಇನ್ನೂ ಕುಟುಕುತ್ತಿದೆ. 'ಧಾರಾಳವಾಗಿ ಕೊಡಿ. ಯಾತಕ್ಕೆ ದುಡ್ಡು ಕೊಟ್ಟೆ ಅಂತ ಬರೀಬೇಕಲ್ಲ, ಏನಂತ ಬರೀತೀರಿ?' ಅವನ ಧೈರ್ಯ ಅದೇ. ನಾವು ಮರ್ಯಾದೆಗೆ ಅಂಜಿ ಬಾಯಿ ಬಿಡಲ್ಲ ಅಂತ ಅವನಿಗೆ ಗೊತ್ತು. ಅಡಿಕೆಯವರು ಅಂದರೆ ದುಡ್ಡಿದೆ, ಬಾಯಿಲ್ಲ ಅಂತ ಲೆಕ್ಕ.

ನಾನು ಬರೆದು ಕೊಟ್ಟೆ. ಯಾತಕ್ಕೆ ಕೊಟ್ಟೆ ಅನ್ನುವುದನ್ನೂ ಬರೆದೆ. ಬರೆಯುವಾಗ ಕೈ ನಡುಗಿತು, ಬರೆದೆ.

ಈಗ ಸುದ್ದಿ ಊರಿಗೆಲ್ಲ ಗೊತ್ತು. ಮದುವೆ ಮನೆಯಲ್ಲಿ ಹುಡುಗನನ್ನು ನೋಡಿ ಮಾತು ನಿಲ್ಲಿಸುತ್ತಾರೆ. ರೂಮಿನ ಮಾಲೀಕರು ಖಾಲಿ ಮಾಡಿಸಿದರು. ಆ ಅಣ್ಣನ ಮನೆಗೆ ಯಾರಾದರೂ ಹೋಗಿ ಕೇಳಿದ್ದಾರಾ? ಇಲ್ಲ. ಬೇರೆ ಹುಡುಗರೂ ಖಾತೆ ಕೊಟ್ಟಿದ್ದಾರೆ ಅಂತ ಮಗ ಹೇಳುತ್ತಾನೆ. ಅವರ ಮನೆಯವರಿಗೆ ಹೇಳಲು ಹೋದರೆ 'ನಮ್ಮ ಹುಡುಗ ಅಂಥವನಲ್ಲ' ಅಂತ ಬಾಗಿಲು ಹಾಕುತ್ತಾರೆ. ಹಾಕಿಕೊಳ್ಳಲಿ.

ಹುಡುಗರ ಎಟಿಎಂ ಕಾರ್ಡು ಯಾರ ಕೈಲಿದೆ ಅಂತ ಇವತ್ತೇ ಕೇಳಿ. ಬೇರೆಯವರ ಕೈಲಿದ್ದರೆ ಮೊದಲು ಬ್ಯಾಂಕಿಗೆ ಹೋಗಿ ನಿಲ್ಲಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕೇಸ್ ಆಗಿಬಿಟ್ಟಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಮಾಡಿ. ಮಕ್ಕಳಿಗೆ ವಕೀಲರು ಪುಕ್ಕಟೆ, ನಿಮಗೆ ತೋಟ ಎಷ್ಟಿದೆ ಅಂತ ಯಾರೂ ಕೇಳಲ್ಲ. ಟೀ ಅಂಗಡಿಗೆ ಕರೆಯುವವನ ಜೊತೆ ಟೀ ಕೂಡ ಕುಡಿಯಬೇಡಿ.

ಭದ್ರಾವತಿ ಕಡೆ ಯಾರಿಗಾದರೂ ಇಂಥದ್ದೇ ಪತ್ರ ಬಂದಿದ್ದರೆ ನನಗೆ ತಿಳಿಸಿ. ಇಬ್ಬರ ದೂರು ಸೇರಿದರೆ 'ಟೈಪಿಂಗ್ ಮಿಸ್ಟೇಕ್' ಅನ್ನಲು ಆಗುವುದಿಲ್ಲ ಅಂತ ಠಾಣೆಯಲ್ಲೇ ಹೇಳಿದ್ದಾರೆ.