ಸ್ಟ್ರೀಟ್ ಫೈಟರ್ 6 ತಗೊಳ್ಳಬೇಕಾ, ಟೆಕ್ಕನ್ 8 ತಗೊಳ್ಳಬೇಕಾ?

ಎರಡೂ ಇಬ್ಬರು ಎದುರುಬದುರು ಹೊಡೆದಾಡುವ ವಿಡಿಯೊ ಗೇಮ್. ಬೆಳಗಾವಿಯ ಖಡೇಬಜಾರ್ ಕಡೆ ಕಾಯಿನ್ ಹಾಕಿ ಆಡಿ ಬೆಳೆದವರಿಗೆ ಇದು ಹಳೇ ಜಗಳ. ಸ್ಟ್ರೀಟ್ ಫೈಟರ್ ಶುರುವಾಗಿದ್ದು 1987ರಲ್ಲಿ, ಆದರೆ ಹುಚ್ಚು ಹಿಡಿಸಿದ್ದು 1991ರಲ್ಲಿ ಬಂದ ಸ್ಟ್ರೀಟ್ ಫೈಟರ್ 2. ಟೆಕ್ಕನ್ ಬಂದಿದ್ದು 1994ರಲ್ಲಿ.

ಸ್ಟ್ರೀಟ್ ಫೈಟರ್‌ಗೆ ಆರು ಬಟನ್: ಮೂರು ಗುದ್ದು, ಮೂರು ಒದೆ. ಸ್ಟಿಕ್ಕನ್ನು ಕೆಳಗಿನಿಂದ ಮುಂದಕ್ಕೆ ಜಾರಿಸಿ ಗುದ್ದಿನ ಬಟನ್ ಒತ್ತಿದರೆ ರ್ಯೂ ಅನ್ನೋ ಪಾತ್ರದ ಕೈಯಿಂದ ಹದೋಕೆನ್ ಅನ್ನೋ ಶಕ್ತಿಯ ಉಂಡೆ ಹಾರುತ್ತದೆ, ಅದು ಮೊದಲ ಸಲ ಸರಿಯಾಗಿ ಬಿದ್ದಾಗ ಹೆಬ್ಬೆರಳು ಉರಿಯುತ್ತಿದ್ದರೂ ಮತ್ತೆ ಮತ್ತೆ ಮಾಡಬೇಕು ಅನ್ನಿಸುತ್ತದೆ. ಟೆಕ್ಕನ್‌ಗೆ ನಾಲ್ಕೇ ಬಟನ್, ಎರಡು ಕೈಗೆ ಎರಡು, ಎರಡು ಕಾಲಿಗೆ ಎರಡು. ಸುಮ್ನೆ ಒತ್ತಿದರೂ ಏನೋ ಒಂದು ಹೊಡೆತ ಬರುತ್ತದೆ. ಎದುರಾಳಿಯ ಹೊಡೆತ ಬಂದಾಗ ಪಕ್ಕಕ್ಕೆ ಸರಿಯಬಹುದು. ಆದರೆ ಒಳಗೆ ಇಳಿದಷ್ಟೂ ಕಲಿಯುವುದು ಜಾಸ್ತಿ, ಮುಗಿಯುವುದೇ ಇಲ್ಲ.

ಮನೆಯಲ್ಲಿ ಪಿಎಸ್4 (ಪ್ಲೇಸ್ಟೇಷನ್ 4 ಗೇಮ್ ಯಂತ್ರ) ಇದ್ದರೆ ಯೋಚನೆಯೇ ಬೇಡ, ಟೆಕ್ಕನ್ 8 ಅದರಲ್ಲಿ ಓಡಲ್ಲ. ಒಬ್ಬರೇ ಕೂತು ಕಲಿಯುವವರಿಗೂ ನಾನು ಸ್ಟ್ರೀಟ್ ಫೈಟರ್ 6 ಅಂತಲೇ ಹೇಳುತ್ತೇನೆ, ಅದರ ಮಾಡರ್ನ್ ಕಂಟ್ರೋಲ್ (ಕಡಿಮೆ ಬಟನ್‌ನಲ್ಲಿ ಆಡುವ ವಿಧಾನ) ಹೊಸಬರಿಗೆ ತುಂಬಾ ಸುಲಭ. ದೀಪಾವಳಿಗೆ ತಮ್ಮಂದಿರು, ಮಾವನ ಮಕ್ಕಳು ಎಲ್ಲಾ ಸೇರುತ್ತಾರೆ ಅಲ್ವಾ, ಆಗ ಟೆಕ್ಕನ್ 8 ಹಾಕಿ. ಎರಡಕ್ಕೂ ಪುಕ್ಕಟೆ ಡೆಮೊ ಇದೆ, ಮೊದಲು ಅದನ್ನು ಆಡಿ ನೋಡಿ.