ಫೆಂಡರ್ ಹೊಸದು, ಡೋರ್ ಗುಜರಿಯದು: ಹಳೇ ಸ್ವಿಫ್ಟ್‌ಗೆ ಎಲ್ಲಿ ಏನು ಕೊಳ್ಳಬೇಕು

2011ರಲ್ಲಿ ಬಂದು 2018ರ ಶುರುವಿಗೆ ಬದಲಾದ ಮಾರುತಿ ಸ್ವಿಫ್ಟ್‌ಗೆ ಬೆಂಗಳೂರಿನಲ್ಲಿ ಪ್ಯಾನೆಲ್ (ಬಾಡಿಯ ಹೊರಭಾಗ) ಸಿಗುವ ದಾರಿ ಮೂರು: ಶಿವಾಜಿನಗರದ ಗುಜರಿ, ಜೆ.ಸಿ. ರಸ್ತೆಯ ಡೂಪ್ಲಿಕೇಟ್, ಕಂಪನಿ ಕೌಂಟರಿನ ಜೆನ್ಯೂನ್. ಮೂರೂ ಕಡೆಯ ಮಾಲನ್ನು ಕೂರಿಸಿ ನೋಡಿದರೆ ಗೊತ್ತಾಗುವುದು ಇಷ್ಟು: ಎಲ್ಲಕ್ಕೂ ಒಂದೇ ಅಂಗಡಿ ಆಗಿಬರುವುದಿಲ್ಲ.

ಮುಂದಿನ ಫೆಂಡರ್‌ಗೆ (ಚಕ್ರದ ಮೇಲಿನ ತಗಡು) ಜೆನ್ಯೂನ್ ಬಿಟ್ಟು ಬೇರೆ ಯೋಚನೆ ಬೇಡ. ಬಂಪರ್ ಬಿಚ್ಚಿಕೊಂಡರೆ ಉಳಿದದ್ದು 10 ನಂಬರ್ ಬೋಲ್ಟಿನ ಕೆಲಸ. ಡೂಪ್ಲಿಕೇಟ್ ಫೆಂಡರ್‌ನಲ್ಲಿ ತೂತುಗಳು ಒಂದೆರಡು ಮಿಲಿಮೀಟರ್ ಆಚೀಚೆ ಇರುತ್ತವೆ. ಟಿಂಕರ್ ಅದನ್ನು ಅರದಲ್ಲಿ ಉಜ್ಜಿ ಉದ್ದ ಮಾಡುತ್ತಾನೆ, ಉಜ್ಜಿದ ಜಾಗದಲ್ಲೇ ಮೊದಲು ತುಕ್ಕು ಹಿಡಿಯುತ್ತದೆ. ಹೀಗೆ ಮಾಡಿದರೂ ಡೋರ್ ಕಡೆಯ ಗ್ಯಾಪ್ ಮೇಲೆ 3 ಮಿಲಿಮೀಟರ್, ಕೆಳಗೆ 6 ಆಗಿ ಕೂರುವುದುಂಟು. ಗುಜರಿ ಫೆಂಡರ್ ಕೂರುವುದೇನೋ ಸರಿಯಾಗಿಯೇ. ಆದರೆ ಹಳೇ ಪೇಂಟ್ ಕೆರೆದು ಡೆಂಟ್ ಎತ್ತುವ ಕೂಲಿಯಲ್ಲಿ ಉಳಿದ ದುಡ್ಡು ಹೋಗುತ್ತದೆ.

ಡೋರ್ ವಿಷಯದಲ್ಲಿ ಲೆಕ್ಕ ತಿರುಗಿಬೀಳುತ್ತದೆ. ಕಂಪನಿಯಿಂದ ಬರುವುದು ಬರೀ ಚಿಪ್ಪು; ಗ್ಲಾಸ್, ಪವರ್ ವಿಂಡೋ ಮೋಟರ್, ಲಾಕ್, ಬೀಡಿಂಗ್ ಎಲ್ಲ ಬೇರೆ. ಗುಜರಿಯಲ್ಲಿ ಇವೆಲ್ಲ ತುಂಬಿದ ಡೋರೇ ಸಿಗುತ್ತದೆ. ಡೂಪ್ಲಿಕೇಟ್ ಸ್ಕಿನ್ (ಡೋರಿನ ಹೊರ ತಗಡು) ಹಾಕಿಸುವುದಂತೂ ಬೇಡ: ಅಂಚು ಮಡಚುವಾಗ ಒಳಗೆ ಸೀಲರ್ ಸರಿಯಾಗಿ ಬೀಳದಿದ್ದರೆ ಒಂದೆರಡು ಮಳೆಗಾಲಕ್ಕೆ ಅಂಚು ಉಬ್ಬುತ್ತದೆ.

ಗುಜರಿ ಡೋರ್ ಆರಿಸುವಾಗ ಮೊದಲು ಅದನ್ನು ತಲೆಕೆಳಗು ನಿಲ್ಲಿಸಿ. ಕೆಳ ಅಂಚಿನಲ್ಲಿ ನೀರು ಹೋಗುವ ತೂತುಗಳ ಸುತ್ತ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಕರುಮ್ ಎಂದರೆ ಅಲ್ಲೇ ಇಟ್ಟುಬನ್ನಿ. ಮಂಗಳೂರು, ಉಡುಪಿ ಕಡೆ ಓಡಿದ ಗಾಡಿಯ ಡೋರ್ ಹೊರಗೆ ಹೊಳೆಯುತ್ತಿದ್ದರೂ ಇಲ್ಲಿ ಸಿಕ್ಕಿಬೀಳುತ್ತದೆ. ಆಮೇಲೆ ಟ್ರಿಮ್ ತೆಗೆಸಿ ಒಳಗೆ ಟಾರ್ಚ್ ಬಿಡಿ. ಅಡ್ಡಕ್ಕಿರುವ ಬೀಮ್ ಸ್ವಲ್ಪ ಬಗ್ಗಿದ್ದರೂ ಬೇಡ, ಪಕ್ಕದಿಂದ ಗುದ್ದಿದಾಗ ನಿಮ್ಮನ್ನು ಉಳಿಸುವುದು ಅದೇ. ಡೆಂಟ್ ಮುಚ್ಚಲು ಮೆತ್ತಿದ ಪುಟ್ಟಿ ಪತ್ತೆ ಮಾಡಲು ತೆಳು ಬಟ್ಟೆ ಸುತ್ತಿದ ಚಿಕ್ಕ ಅಯಸ್ಕಾಂತ ಸಾಕು, ಪುಟ್ಟಿ ದಪ್ಪಗಿದ್ದ ಕಡೆ ಅದು ಅಂಟುವುದಿಲ್ಲ. ಪೇಂಟ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು: ಫ್ಯಾಕ್ಟರಿ ಪೇಂಟ್ ಸಾಮಾನ್ಯವಾಗಿ 90ರಿಂದ 160 ಮೈಕ್ರಾನ್, 300 ದಾಟಿದರೆ ಒಂದು ಸಲ ಹೊಡೆಸಿದ್ದು, 500ರ ಮೇಲೆ ಹೋದರೆ ಒಳಗೆ ಪುಟ್ಟಿ ಇದೆ.

ವೈರಿಂಗ್ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ನಿಮ್ಮ ಗಾಡಿಯದಕ್ಕೆ ಪಿನ್ ಲೆಕ್ಕದಲ್ಲಿ ಹೊಂದಬೇಕು. ಕಡಿಮೆ ಫೀಚರಿನ ಎಲ್‌ಎಕ್ಸ್‌ಐ ಮಾಡೆಲ್ಲಿನ ಡೋರ್ ತಂದು ಮೇಲಿನ ಝಡ್‌ಎಕ್ಸ್‌ಐಗೆ ಹಾಕಿದರೆ ವೈರ್ ಕತ್ತರಿಸಿ ಜೋಡಿಸುವ ಕೆಲಸ ಶುರು. ಹಳೇ ಡೋರಿನ ಕೀ ಲಾಕ್ ಬಿಚ್ಚಿ ಇದಕ್ಕೆ ಹಾಕಿಸಿ, ಇಲ್ಲದಿದ್ದರೆ ಎರಡು ಕೀ ಹೊತ್ತು ತಿರುಗಬೇಕಾಗುತ್ತದೆ. ಹಿಂಜ್ ಸಡಿಲಿಸುವ ಮುಂಚೆ ಅದರ ಸುತ್ತ ಮಾರ್ಕರಿನಲ್ಲಿ ಗೆರೆ ಎಳೆದುಕೊಂಡರೆ ಗ್ಯಾಪ್ ಹೊಂದಿಸುವ ಅರ್ಧ ಕೆಲಸ ಮುಗಿಯಿತು.

"ಸೇಮ್ ಕಲರ್ ಇದೆ, ಪೇಂಟ್ ಖರ್ಚೇ ಇಲ್ಲ" ಎಂಬ ಮಾತನ್ನು ಸಾದಾ ಬಿಳಿ ಬಣ್ಣಕ್ಕೆ ಹೆಚ್ಚುಕಡಿಮೆ ನಂಬಬಹುದು. ಸಿಲ್ಕಿ ಸಿಲ್ವರ್‌ಗೆ ಬೇಡವೇ ಬೇಡ. ಒಂದೇ ಕೋಡ್ ಇದ್ದರೂ ಬಿಸಿಲಿಗೆ ಒಂದೊಂದು ಗಾಡಿ ಒಂದೊಂದು ಥರ ಮಾಸಿರುತ್ತದೆ, ಸಂಜೆ ಬೆಳಕಿನಲ್ಲಿ ಡೋರ್ ಬೇರೆಯಾಗಿ ಕಾಣುತ್ತದೆ.

ಬಾನೆಟ್ ಗುಜರಿಯದಾದರೆ ಒಳಬದಿಯ ಅಂಚಿನ ಸೀಲರ್ ನೋಡಿ. ಫ್ಯಾಕ್ಟರಿಯದು ಒಂದೇ ಸಮ ಎಳೆದ ಗೆರೆ. ಬೆರಳಲ್ಲಿ ಮೆತ್ತಿದ ಹಾಗಿದ್ದರೆ ಬಿಚ್ಚಿ ಬಡಿದದ್ದು. ಡೂಪ್ಲಿಕೇಟ್ ಬಾನೆಟ್‌ನಲ್ಲಿ ಲಾಕ್ ಕೊಂಡಿ ಕೂರುವ ಜಾಗದ ವೆಲ್ಡಿಂಗ್ ಮೇಲೆ ನಂಬಿಕೆ ಇಡುವುದು ಕಷ್ಟ. ಹೈವೇಯಲ್ಲಿ ಬಾನೆಟ್ ಎದ್ದು ಗ್ಲಾಸಿಗೆ ಬಡಿಯುವ ಸಾಧ್ಯತೆ ಇರುವ ಕಡೆ ಚೌಕಾಸಿ ಬೇಡ.

ಬಂಪರ್ ಗುಜರಿಯಲ್ಲಿ ಕೊಳ್ಳುವುದಾದರೆ ಎಣಿಸಬೇಕಾದದ್ದು ಕಿವಿಗಳನ್ನು (ಬಾಡಿಗೆ ಸಿಕ್ಕಿಸುವ ಕೊಂಡಿಗಳು), ಗೀರುಗಳನ್ನಲ್ಲ. ಒಂದು ಕಿವಿ ಮುರಿದಿದ್ದರೂ ಆ ಕಡೆ ಜೋತುಬೀಳುತ್ತದೆ. ಸೈಡ್ ಬ್ರಾಕೆಟ್, ಕ್ಲಿಪ್ ಮಾತ್ರ ಹೊಸದೇ ಹಾಕಿಸಿ.

ಇನ್ಶೂರೆನ್ಸ್ ಕ್ಲೇಮಿಗೆ ಗುಜರಿ ಮಾಲು ನಡೆಯದು. ಜೀರೋ ಡೆಪ್ (ಸವಕಳಿ ಕಡಿಯದೆ ಕೊಡುವ ಆಡ್-ಆನ್) ಇಲ್ಲದ ಪಾಲಿಸಿಯಲ್ಲಿ 5ರಿಂದ 10 ವರ್ಷದ ಗಾಡಿಯ ಲೋಹದ ಭಾಗಕ್ಕೆ 40%, 10 ದಾಟಿದರೆ 50%, ಪ್ಲಾಸ್ಟಿಕ್‌ಗೆ ಯಾವಾಗಲೂ 50% ಕಡಿತ. ಮೇಲೆ ಎನ್‌ಸಿಬಿಯೂ (ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದೆ. ಹಾಗಾಗಿ ಒಂದು ಡೋರ್ ಮಾತ್ರ ಹಾಳಾಗಿದ್ದರೆ ಕೈಯಿಂದ ಕೊಟ್ಟು ಗುಜರಿಯದು ಹಾಕಿಸುವುದೇ ಅಗ್ಗವಾಗಬಹುದು. ಬಿಲ್ ಕೊಡದ ಅಂಗಡಿಯಲ್ಲಿ ಮಾತ್ರ ಕೊಳ್ಳಬೇಡಿ. ಕದ್ದ ಮಾಲೆಂದು ತಿಳಿದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ನಿನ ಅಪರಾಧ.

ಹಿಂದಿನ ಫೆಂಡರ್ ಬೋಲ್ಟಿನದಲ್ಲ, ಬಾಡಿಗೆ ವೆಲ್ಡ್ ಆಗಿರುವಂಥದ್ದು. ಅದನ್ನು ಕತ್ತರಿಸಿ ಗುಜರಿ ತುಂಡು ಕೂಡಿಸುವುದಕ್ಕಿಂತ ಇದ್ದದ್ದನ್ನೇ ಒಳ್ಳೆಯ ಟಿಂಕರ್ ಕೈಲಿ ಎಳೆಸಿಕೊಳ್ಳಿ.